ಅಬ್ಸಿಡಿಯನ್‌ನಲ್ಲಿ ಕನ್ನಡ ಬರೆಯೋರಿಗೆ ಸ್ಟೈಲ್ ಸೆಟ್ಟಿಂಗ್ಸ್ ಪ್ಲಗಿನ್: ತುಂಬಾ ದಿನ ಬಳಸಿದ ಮೇಲೆ

ಅಬ್ಸಿಡಿಯನ್ ಅಂದ್ರೆ ನೋಟ್ಸ್ ಬರೆದಿಡೋ ಆಪ್, ಸ್ಟೈಲ್ ಸೆಟ್ಟಿಂಗ್ಸ್ ಅನ್ನೋದು ಅದರ ನೋಟ ಬದಲಾಯಿಸಕ್ಕೆ ಸೇರಿಸ್ಕೊಳ್ಳೋ ಪ್ಲಗಿನ್. ಮೊದ್ಲೇ ಹೇಳ್ಬಿಡ್ತೀನಿ, ಈ ಪ್ಲಗಿನ್ ಹಾಕ್ಕೊಂಡ ತಕ್ಷಣ ಏನೂ ಆಗಲ್ಲ. ಥೀಮೋ ಸ್ನಿಪೆಟ್ಟೋ (ನಾವೇ ಬರೆದು ಸೇರಿಸೋ ಸಣ್ಣ ಫೈಲು), ಬಣ್ಣ, ಅಕ್ಷರ, ಜಾಗ ಹೇಗಿರ್ಬೇಕು ಅಂತ ಹೇಳೋ ತನ್ನ ಸಿಎಸ್‌ಎಸ್ ಫೈಲ್ ಒಳಗೆ ಇಂತಿಂಥದ್ದು ಬದಲಾಯಿಸ್ಬಹುದು ಅಂತ ಬರೆದಿಟ್ಟಿದ್ರೆ ಮಾತ್ರ ಅದನ್ನ ಓದಿ ಸ್ಲೈಡರ್, ಕಲರ್ ಪಿಕ್ಕರ್, ಆನ್-ಆಫ್ ಬಟನ್ ಮಾಡಿ ಕೊಡುತ್ತೆ, ಇಲ್ಲಾಂದ್ರೆ ಖಾಲಿ ಪೇಜು. ‘ಮಿನಿಮಲ್’ ಅನ್ನೋ ಹೆಸರಿನ ಥೀಮ್ ತರದ್ದು ಇದ್ರೆ ಆಪ್ಷನ್ನುಗಳ ರಾಶಿನೇ ಬೀಳುತ್ತೆ, ನನಗೆ ಅದ್ರಲ್ಲಿ ಮುಕ್ಕಾಲು ಬೇಡ.

ನಮ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕೊಳೆರೋಗಕ್ಕೆ ಔಷಧಿ ಹೊಡೆಸಿದ್ದು, ಕೊನೆಗೌಡರ (ಅಡಿಕೆ ಕೊನೆ ಕೊಯ್ಯೋರು) ಕೂಲಿ, ಮಂಡಿ ರೇಟು ಎಲ್ಲಾ ಅಬ್ಸಿಡಿಯನ್ನಲ್ಲೇ ಬರೆದಿಡೋದು, ಯಾಕಂದ್ರೆ ಮಳೆಗಾಲ ಬಂತು ಅಂದ್ರೆ ಇಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈ ಕೊಡುತ್ತೆ, ಫೈಲು ನಮ್ಮ ಲ್ಯಾಪ್‌ಟಾಪಲ್ಲೇ ಮಾಮೂಲಿ ಟೆಕ್ಸ್ಟ್ ಆಗಿ ಕೂತಿದ್ರೆ ಆ ತಲೆಬಿಸಿ ಇಲ್ಲ. ಆಪ್ ಫ್ರೀ, 2025ರಿಂದ ಆಫೀಸ್ ಕೆಲಸಕ್ಕೆ ಬಳಸೋರೂ ದುಡ್ಡು ಕಟ್ಲೇಬೇಕು ಅಂತಿಲ್ಲ.

ತೊಂದ್ರೆ ಇರೋದು ಕನ್ನಡ ಅಕ್ಷರದ್ದು. ಆಪ್‌ನ ಡಿಫಾಲ್ಟ್ ಸಾಲಿನ ಎತ್ತರ ಅಕ್ಷರದ ಗಾತ್ರದ 1.5 ಪಟ್ಟು, ದೊಡ್ಡ ಹೆಡಿಂಗಿಗಂತೂ 1.2 ಅಷ್ಟೆ. ಇಂಗ್ಲಿಷಿಗೆ ಧಾರಾಳ ಆಯ್ತು, ಆದ್ರೆ ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಹೋಗುತ್ತೆ. ‘ರಾಷ್ಟ್ರೀಕೃತ ಬ್ಯಾಂಕಿನ ಬೆಳೆಸಾಲ, ಕಂತಿನ ವಿವರ’ ಅಂತ ಹೆಡಿಂಗ್ ಹಾಕಿ, ಅದು ಫೋನಲ್ಲಿ ಎರಡು ಸಾಲಿಗೆ ಮುರೀತು ಅಂದ್ರೆ ಮೇಲಿನ ಸಾಲಿನ ಟಕಾರದ ಒತ್ತು, ಅದರ ಬುಡದ ರಕಾರ, ಎರಡೂ ಕೆಳಗಿನ ಸಾಲಿನ ತಲೆ ಮೇಲೆ. ಅಪ್ಪಯ್ಯ ನೋಡಿ "ಎಂತದು ಮಾರಾಯ ಇದು, ಒಂದ್ರ ಮೇಲೊಂದು ಕೂತಿದೆಯಲ್ಲ" ಅಂದ್ರು.

ಅದಕ್ಕೆ ನಾನೇ ಒಂದು ಸಣ್ಣ ಸ್ನಿಪೆಟ್ ಬರೆದೆ. ಫೈಲ್ ಶುರುವಲ್ಲಿ ಒಂದು ಕಾಮೆಂಟ್ ಒಳಗೆ ಸೆಟ್ಟಿಂಗ್ಸ್ ಪಟ್ಟಿ, ಅದು ಯಾಮಲ್ ಅನ್ನೋ ಫಾರ್ಮ್ಯಾಟು, ಸಾಲಿನ ಮುಂದಿನ ಖಾಲಿ ಜಾಗನೂ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಟ್ಯಾಬ್ ಒತ್ಬೇಡಿ ಸ್ಪೇಸೇ ಹಾಕಿ. ಪ್ರತಿ ಸ್ಲೈಡರ್‌ಗೂ ಕನಿಷ್ಠ, ಗರಿಷ್ಠ, ಒಂದು ಸಲಕ್ಕೆ ಎಷ್ಟು ಜರುಗ್ಬೇಕು ಅಂತ ಕೊಡ್ಬಹುದು. ಹೆಸರು ಕನ್ನಡದಲ್ಲೇ ಇಡ್ಬಹುದು, ಇದು ನಂಗೆ ಭಾರಿ ಖುಷಿ ಕೊಟ್ಟಿದ್ದು. ಈಗ ಅಪ್ಪಯ್ಯನ ಟ್ಯಾಬಲ್ಲಿ ‘ಅಕ್ಷರ ಎಷ್ಟು ದೊಡ್ಡದು’, ‘ಸಾಲಿನ ಮಧ್ಯ ಜಾಗ’, ‘ಹೆಡಿಂಗಿನ ಜಾಗ’ ಅಂತ ಮೂರೇ ಸ್ಲೈಡರ್, ಅವರೇ ಕನ್ನಡಕ ಹಾಕ್ಕೊಂಡು ಎಳೀತಾರೆ, ನನ್ನ ಕರೆಯೋದು ನಿಂತಿದೆ. ಅವರು ಜಾಗ 1.9ಕ್ಕೆ ಇಟ್ಕೊಂಡಿದಾರೆ, ನಂಗೆ ನೋಟೊ ಸಾನ್ಸ್ ಕನ್ನಡ ಫಾಂಟಲ್ಲಿ 1.75 ಸಾಕು.

ಇನ್ನೊಂದು ಬಟನ್ ಇಟಾಲಿಕ್‌ಗೆ. ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ಅಂತ ಬೇರೆ ಇರೋದೇ ಕಮ್ಮಿ, ಇಟಾಲಿಕ್ ಮಾಡಕ್ಕೆ ನಕ್ಷತ್ರ (*) ಹಾಕಿದ ಕೂಡ್ಲೆ ಸಿಸ್ಟಮ್ಮೇ ಅಕ್ಷರನ ಓರೆ ಮಾಡಿ ಮಳೆಗೆ ವಾಲಿದ ಬೇಲಿ ತರ ಮಾಡುತ್ತೆ. ಬಟನ್ ಆನ್ ಮಾಡಿದ್ರೆ ಓರೆ ಹೋಗಿ ಬರೀ ಬಣ್ಣ ಬರುತ್ತೆ. "ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್" ಅನ್ನೋ ಕೊಳೆ ಔಷಧಿಯ ಸಾಲು ಈಗ ಹಸಿರಲ್ಲಿ ಕಾಣುತ್ತೆ, ದೋಟಿ (ಉದ್ದ ಕೋಲು) ಹಿಡ್ಕೊಂಡು ನಿಂತವರಿಗೂ ದೂರದಿಂದ ಓದಕ್ಕಾಗುತ್ತೆ.

ಮುಂಚೆ ಹಾಕ್ಕೊಂಡಿದ್ದ ಒಂದು ಥೀಮು (ಹೆಸರು ಬೇಡ) ಅಪ್‌ಡೇಟಲ್ಲಿ ಒಳಗಿನ ಹೆಸರುಗಳನ್ನೇ ಬದಲಾಯಿಸಿ ನಾನು ಕೂತು ಸರಿ ಮಾಡಿದ್ದೆಲ್ಲಾ ನೀರಿಗೆ ಹಾಕ್ತು, ಅದಕ್ಕೇ ಈಗ ಡಿಫಾಲ್ಟ್ ಥೀಮು, ಜೊತೆಗೆ ನನ್ನ ಸ್ನಿಪೆಟ್ಟು, ಅಷ್ಟೆ. ಪ್ಲಗಿನ್ನಲ್ಲಿ ಎಕ್ಸ್‌ಪೋರ್ಟ್ ಇದೆ, ಸೆಟ್ಟಿಂಗ್ಸ್ ಎಲ್ಲಾ ಜೇಸನ್ ಅನ್ನೋ ಟೆಕ್ಸ್ಟ್ ರೂಪದಲ್ಲಿ ಸಿಗುತ್ತೆ, ಫೋನಲ್ಲಿ ಇಂಪೋರ್ಟ್ ಮಾಡಿದ್ರಾಯ್ತು. ಸ್ನಿಪೆಟ್ ಫೈಲನ್ನ ಮಾತ್ರ ಬೇರೆಯಾಗಿ ಕಾಪಿ ಮಾಡ್ಬೇಕು, ಅದು ಎಕ್ಸ್‌ಪೋರ್ಟಲ್ಲಿ ಬರಲ್ಲ.

ಕಮ್ಯೂನಿಟಿ ಪ್ಲಗಿನ್ ಆದ್ರಿಂದ ಹೊರಗಿನವರ ಪ್ಲಗಿನ್ ತಡೆಯೋ ರಿಸ್ಟ್ರಿಕ್ಟೆಡ್ ಮೋಡ್ ಆಫ್ ಮಾಡ್ಬೇಕಾಗುತ್ತೆ. ಆಫೀಸಿನ ಲ್ಯಾಪ್‌ಟಾಪ್ ಆದ್ರೆ ಕೇಳ್ಕೊಂಡು ಮಾಡಿ. ಇಂಗ್ಲಿಷಲ್ಲೇ ಬರೆಯೋರಿಗೆ ಇದು ಬರೀ ಶೋಕಿ, ಹಾಕ್ಕೊಳ್ಳದಿದ್ರೂ ನಡೆಯುತ್ತೆ. ಕನ್ನಡದಲ್ಲಿ ಬರೆಯೋರಾದ್ರೆ ಹೆಡಿಂಗಿನ ಸ್ಲೈಡರ್ ಒಂದನ್ನಾದ್ರೂ ಮಾಡ್ಕೊಳ್ಳಿ.