ಮೆಟ್ರೊ ಪಕ್ಕದ ಪಿಜಿಯೋ, ಮಲ್ಲತ್ತಹಳ್ಳಿಯ ಬಾಡಿಗೆ ಮನೆಯೋ?

ಮಲ್ಲತ್ತಹಳ್ಳಿಯಲ್ಲಿ ನಮ್ಮ ಸೋದರಮಾವನದ್ದೊಂದು 30×40 ಸೈಟಿದೆ. ವಿದ್ಯಾರ್ಥಿಗಳಿಗೆಂದೇ ಅಲ್ಲೊಂದು ಕಟ್ಟಡ ಎಬ್ಬಿಸಬೇಕಂತೆ. ‘ಪಿಜಿ ಕಟ್ಟಲೋ, ಸಣ್ಣ ಮನೆಗಳನ್ನು ಮಾಡಲೋ? ಎರಡರಲ್ಲೂ ಇದ್ದವಳು ನೀನು, ಹೇಳು’ ಅಂದರು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಮಾಡುವಾಗ ಮೊದಲ ವರ್ಷ ನಾನಿದ್ದದ್ದು ಮೈಸೂರು ರಸ್ತೆಯ ಪಿಜಿಯಲ್ಲಿ, ಎರಡನೇ ವರ್ಷ ಮೂವರು ಗೆಳತಿಯರು ಸೇರಿ ಮಲ್ಲತ್ತಹಳ್ಳಿಯಲ್ಲಿ ಮಾಡಿದ ಬಾಡಿಗೆ ಮನೆಯಲ್ಲಿ.

ಪಿಜಿ ಹಿಡಿದದ್ದೇ ಮೆಟ್ರೊ ನೋಡಿ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿವರೆಗೆ ಬಂದಿತ್ತು. ‘ಮೆಟ್ರೊಗೆ ಎರಡೇ ನಿಮಿಷ’ ಅಂತ ಬೋರ್ಡು ಹಾಕಿದ್ದರು. ಸುಳ್ಳಲ್ಲ. ಊರಿಗೆ ಹೊರಟರೆ ಅರ್ಧ ಗಂಟೆಯೊಳಗೆ ಮೆಜೆಸ್ಟಿಕ್. ಆದರೆ ಊರಿಗೆ ಹೋಗುತ್ತಿದ್ದದ್ದು ತಿಂಗಳಿಗೊಮ್ಮೆ, ಕ್ಲಾಸಿಗೆ ದಿನಾ! ಸ್ಟೇಷನ್ನಿಗೆ ಜ್ಞಾನಭಾರತಿ ಅಂತಲೇ ಹೆಸರಿದ್ದರೂ, ಸಾವಿರ ಎಕರೆ ಮೀರಿದ ಕ್ಯಾಂಪಸ್ಸಿನಲ್ಲಿ ಗೇಟು ದಾಟಿದ ಮೇಲೂ ನನ್ನ ಡಿಪಾರ್ಟ್‌ಮೆಂಟಿಗೆ ಅರ್ಧ ಗಂಟೆ ನಡಿಗೆ. ಬೆಳಿಗ್ಗೆ ಮರಗಳ ನೆರಳಲ್ಲಿ ಹಿತವಾಗಿರುತ್ತಿತ್ತು. ಲೈಬ್ರರಿ ಮುಗಿಸಿ ಕತ್ತಲಲ್ಲಿ ಬರುವಾಗ ಎದೆ ಡವಡವ.

ರೂಮಿನಲ್ಲಿ ಮೂರು ಮಂಚ, ಮೂರು ಬೀರು. ಮೇಜಿಲ್ಲ. ಇದ್ದೊಂದು ಕಿಟಕಿ ಕಾರಿಡಾರಿಗೆ ತೆರೆಯುತ್ತಿದ್ದರಿಂದ ಹಗಲಲ್ಲೂ ಟ್ಯೂಬ್‌ಲೈಟು. ಒದ್ದೆ ಬಟ್ಟೆ ಮಂಚದ ಕಂಬಿಯ ಮೇಲೆ. ಮಳೆಗಾಲ ಪೂರ್ತಿ ಮುಗ್ಗಲು ವಾಸನೆ. ಮಹಡಿಗೆ ಹದಿನೆಂಟು ಹುಡುಗಿಯರು, ಮೂರು ಬಚ್ಚಲು. ಪುಣ್ಯಕ್ಕೆ ಊಟ ಮಾತ್ರ ಹೊತ್ತಿಗೆ ಸರಿಯಾಗಿ, ಬಿಸಿಬಿಸಿಯಾಗಿ ಸಿಗುತ್ತಿತ್ತು.

ಮನೆಗೆ 60,000 ಅಡ್ವಾನ್ಸ್. ಮೂರೂ ಅಪ್ಪಂದಿರು ಹಂಚಿಕೊಂಡು ಕೊಟ್ಟರು. ಕೀ ಕೊಡುವ ಮೊದಲು ಓನರ್ ಆಂಟಿ ಹೇಳಿದ ಷರತ್ತುಗಳನ್ನು ಇಲ್ಲಿ ಬರೆಯುವುದು ಬೇಡ ಬಿಡಿ. ಸಿಲಿಂಡರು, ನೀರಿನ ಕ್ಯಾನು, ಪಾತ್ರೆ ತೊಳೆಯುವ ಸರದಿ, ಎಲ್ಲಕ್ಕೂ ಜಗಳ. ಪರೀಕ್ಷೆ ಬಂತೆಂದರೆ ಮೂರು ಹೊತ್ತೂ ಚಿತ್ರಾನ್ನ. ಆದರೆ ಹಾಲಿನಲ್ಲಿ ಪೂರ್ವದ ಕಿಟಕಿ, ಅದರ ಕೆಳಗೆ ಗೋಡೆಯುದ್ದಕ್ಕೂ ಕಡಪಾ ಕಲ್ಲು ಕೂರಿಸಿದ್ದರು. ಮೂವರೂ ಓದಿದ್ದು ಅಲ್ಲೇ. ಡಿಪಾರ್ಟ್‌ಮೆಂಟು ಹದಿನೈದು ನಿಮಿಷ, ಮಧ್ಯಾಹ್ನ ಬಂದು ಉಂಡು ಹೋಗಬಹುದಿತ್ತು. ಪೇಟೆಗೆ ಬಸ್ಸು ನಿಧಾನ, ನಿಜ. ಆದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗದು ಪುಕ್ಕಟೆ. ಮೆಟ್ರೊಗೆ ಆ ಭಾಗ್ಯವಿಲ್ಲ, 2025ರ ಫೆಬ್ರವರಿಯಲ್ಲಿ ದರ ಬೇರೆ ಏರಿತು.

ಮಾವನಿಗೆ ಹೇಳಿದೆ: ರೂಮುಗಳು ಆ ಮನೆಯ ಹಾಗಿರಲಿ, ಅಡುಗೆಯೊಂದು ಪಿಜಿಯ ಹಾಗೆ. ಕೆಳಗೊಬ್ಬರು ಅಡುಗೆಯವರು, ಮೇಲೆ ಇಬ್ಬಿಬ್ಬರ ರೂಮು, ಪ್ರತಿ ರೂಮಿಗೂ ಹೊರಗೆ ತೆರೆಯುವ ಕಿಟಕಿ ಮತ್ತು ಅದರ ಕೆಳಗೊಂದು ಕಡಪಾ ಕಲ್ಲು. ಸ್ನಾನದ ಮನೆ, ಟಾಯ್ಲೆಟ್ಟು ಬೇರೆ ಬೇರೆ ಮಾಡಿ ವಾಶ್‌ಬೇಸಿನ್ ಹೊರಗಿಟ್ಟರೆ ಒಂದೇ ಹೊತ್ತಿಗೆ ಮೂವರ ಕೆಲಸ ಆಗುತ್ತದೆ. ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಶೀಟಿನ ಮಾಡು.

‘ಮೂರನೇ ಮಂಚ ಇಲ್ಲದಿದ್ದರೆ ಬ್ಯಾಂಕಿನ ಕಂತು ನೀನು ಕಟ್ಟುತ್ತೀಯಾ?’ ಅಂದರು ಮಾವ. ಕಿಟಕಿಗೆ ಒಪ್ಪಿದ್ದಾರೆ. ಮಂಚದ ಮಾತುಕತೆ ಇನ್ನೂ ನಡೆದಿದೆ.