ಎಲೆ ಬಣ್ಣದ ಪಟ್ಟಿ ಮತ್ತು ತೂತಿನ ಪೈಪು: ಒಂದು ಬೆಳೆ ಪೂರ್ತಿ ಬಳಸಿದ ಮೇಲೆ

ನಮ್ದು ಮದ್ದೂರು ತಾಲೂಕು, ಕೆಆರ್‌ಎಸ್ ಅಣೆಕಟ್ಟಿಂದ ಬರೋ ವಿ.ಸಿ. ನಾಲೆ ಕೊನೆ ಭಾಗ, ಒಂದೆಕರೆ ಹತ್ತು ಗುಂಟೆ ಗದ್ದೆ. ಈ ಸಲ ಐಆರ್ 64 ಭತ್ತ ಹಾಕಿದ್ವಿ, ಅದಕ್ಕೆ ಎರಡು ಸಣ್ಣ ಸಾಮಾನು ತಗೊಂಡು ನಾಟಿಯಿಂದ ಕೊಯ್ಲಿನವರೆಗೂ ಬಳಸಿ ನೋಡ್ದೆ, ಪಟ್ಟಿ ಯೂರಿಯಾ ಯಾವಾಗ ಹಾಕ್ಬೇಕು ಅಂತ ತೋರಿಸುತ್ತೆ, ಪೈಪು ನೀರು ಯಾವಾಗ ಬಿಡ್ಬೇಕು ಅಂತ. ಎರಡೂ ಸೇರಿ ಒಂದು ಮೂಟೆ ಯೂರಿಯಾಗಿಂತ ಕಮ್ಮಿ ದುಡ್ಡು.

ಮೊದಲು ಪಟ್ಟಿ ವಿಷ್ಯ. ಗೇಣುದ್ದದ ಪ್ಲಾಸ್ಟಿಕ್ ಪಟ್ಟಿ, ತಿಳಿ ಹಳದಿ ಹಸಿರಿಂದ ಶುರುವಾಗಿ ಕಡು ಹಸಿರುವರೆಗೂ ಆರು ಬಣ್ಣ, ಮೇಲೆ ಭತ್ತದ ಎಲೆ ಥರಾನೇ ನರ ಎಬ್ಬಿಸಿರ್ತಾರೆ. ನಾಟಿ ಆಗಿ ಎರಡು ವಾರ ಕಳೆದ ಮೇಲೆ ಹೂ ಬರೋವರೆಗೂ ವಾರ ಹತ್ತು ದಿನಕ್ಕೊಂದ್ಸಲ ಗದ್ದೆಗಿಳಿದು, ಪೂರ್ತಿ ಬಿಚ್ಕೊಂಡಿರೋ ಮೇಲಿನ ಎಳೆ ಎಲೆಯ ನಡುಭಾಗನ ಕೀಳದೆ ಪಟ್ಟಿ ಮೇಲಿಟ್ಟು ನೋಡ್ಬೇಕು, ಬಿಸಿಲು ಬೀಳ್ಬಾರ್ದು, ನಮ್ಮ ಮೈ ನೆರಳಲ್ಲೇ ಹಿಡೀಬೇಕು, ಇಲ್ಲಾಂದ್ರೆ ಬಣ್ಣ ಮೋಸ ಮಾಡುತ್ತೆ. ಹತ್ತು ಕಡೆ ಹತ್ತು ಎಲೆ. ನಾಟಿ ಭತ್ತಕ್ಕೆ ನನ್ನ ಪಟ್ಟಿಲಿ 4ನೇ ಬಣ್ಣ ಗಡಿ, ಹತ್ತರಲ್ಲಿ ಆರು ಎಲೆ ಅದಕ್ಕಿಂತ ತಿಳಿ ಇದ್ರೆ ಮಾತ್ರ ಎಕರೆಗೆ ಅರ್ಧ ಮೂಟೆ ಯೂರಿಯಾ, ಇಲ್ಲಾಂದ್ರೆ ಸುಮ್ನೆ ಮನೆಗೆ ಬರೋದು.

ಸುಮ್ನೆ ಮನೆಗೆ ಬರೋದೇ ಕಷ್ಟದ ಕೆಲ್ಸ. ಮೂರನೇ ವಾರಕ್ಕೆ ಪೈರು ತೆಂಡೆ ಹೊಡೀತಿತ್ತು, ನೋಡಿದ್ರೆ ಹತ್ತರಲ್ಲಿ ಮೂರೇ ಎಲೆ ತಿಳಿ. ಅಪ್ಪ ಬದು ಮೇಲೆ ನಿಂತು "ಲೋ ಮಗ, ಪಕ್ಕದ್ ಗದ್ದೆ ನೋಡ್ಲಾ ಹೆಂಗ್ ಕರ್ರಗೈತೆ, ನಮ್ದ್ಯಾಕ್ಲಾ ಹಿಂಗೈತೆ" ಅಂತ ಬೇಜಾರು ಮಾಡ್ಕೊಂಡ್ರು. ಇನ್ನೊಂದು ವಾರ ಕಾಯೋಣ ಅಪ್ಪ ಅಂದೆ, ರಾತ್ರಿ ನಿದ್ದೆ ಬರ್ಲಿಲ್ಲ ನಂಗೂ. ಮುಂದಿನ ವಾರ ಏಳು ಎಲೆ ತಿಳಿಯಾಗಿದ್ವು, ಆಗ ಹಾಕ್ದೆ. ಪ್ರತಿ ವರ್ಷ ಎಕರೆಗೆ ಮೂರು ಮೂಟೆ ಹಾಕ್ತಿದ್ದೋರು ಈ ಸಲ ಎರಡರೊಳಗೆ ಮುಗಿಸಿದ್ವಿ. ಇಳುವರಿ ಹೋದ್ ಸಲದಷ್ಟೇ ಬಂತು. ಆ ಕರ್ರಗಿದ್ದ ಪಕ್ಕದ ಗದ್ದೆಗೆ ಕಂದು ಜಿಗಿಹುಳ ಬಿದ್ದು ಪಾಪ ಅವರು ಮೂರು ಸಲ ಔಷಧಿ ಹೊಡೆದ್ರು. ಸಾರಜನಕ ಜಾಸ್ತಿಯಾದ್ರೆ ಪೈರು ಮೆತ್ತಗಾಗಿ ಹುಳಾನೂ ಬರುತ್ತೆ, ಬೆಂಕಿ ರೋಗಾನೂ ಬರುತ್ತೆ, ಇದು ಎಲ್ರಿಗೂ ಗೊತ್ತಿರೋದೇ.

ನಂಗೆ ಇದರ ಮೇಲೆ ಇಷ್ಟು ಆಸೆ ಯಾಕಂದ್ರೆ ನಮ್ಮೂರ ಕೆರೆ. 45 ಕೆಜಿ ಯೂರಿಯಾ ಮೂಟೆಲಿ ಹತ್ತತ್ರ 21 ಕೆಜಿ ಸಾರಜನಕ ಇರುತ್ತೆ, ನೀರು ನಿಂತ ಗದ್ದೆಗೆ ಎರಚಿದ್ರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪೈರಿಗೆ ಸಿಗಲ್ಲ, ಒಂದಷ್ಟು ಗಾಳಿಗೆ, ಒಂದಷ್ಟು ನೀರಿನ ಜೊತೆ ಕೆಳಗೆ. ನಮ್ಮಲ್ಲಿ ಗದ್ದೆಯಿಂದ ಗದ್ದೆಗೆ ನೀರು ಇಳಿಯೋದು, ಕೊನೇಲಿ ಕೆರೆ, ಕೆರೆ ಕೋಡಿ ಬಿದ್ರೆ ಶಿಂಷಾ, ಅಲ್ಲಿಂದ ಕಾವೇರಿ. ನಾವು ಚಿಕ್ಕೋರಿದ್ದಾಗ ಈಜಾಡಿದ ಕೆರೆ ಈಗ ಬೇಸಿಗೆ ಬಂದ್ರೆ ಅಂತರಗಂಗೆ ಮುಚ್ಕೊಂಡು ನೀರೇ ಕಾಣಲ್ಲ. ಊರಿನ ಚರಂಡಿ ನೀರೂ ಸೇರುತ್ತೆ ಒಪ್ಕೋತೀನಿ, ಆದ್ರೆ ಗೊಬ್ಬರದ ಪಾಲು ನಮ್ದೇ. ಇದೇ ತಾಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರದಲ್ಲೇ ಗೂಡು ಕಟ್ತವೆ, ಜನ ಮರದಡಿ ಬಿದ್ದ ಹಿಕ್ಕೆನ ಗದ್ದೆಗೆ ಗೊಬ್ಬರ ಮಾಡ್ಕೊಂಡು ಬಂದಿದಾರೆ, 2007ರಲ್ಲಿ ಅದನ್ನ ಸಮುದಾಯ ಮೀಸಲು ಅಂತ ಘೋಷಿಸಿದ್ರು. ಗೂಡು ಕಟ್ಟೋಕೆ ಮರ ಉಳಿಸಿದ್ರೆ ಸಾಕಾ, ಹೊಟ್ಟೆಗೆ ಮೀನು ಬೇಕಲ್ವಾ, ಮೀನಿಗೆ ಇಂಥ ಕೆರೆಗಳೇ ಗತಿ. ಬಾಯ್ಕಳಕ ಕೊಕ್ಕರೆ ಅಂತೂ ನಮ್ಮ ಗದ್ದೆಯೊಳಗೇ ಬಸವನಹುಳ ಹುಡುಕ್ತಾ ಓಡಾಡುತ್ತೆ.

ಪಟ್ಟಿಲಿ ಕೊರತೆ ಇಲ್ವಾ ಅಂದ್ರೆ ಇವೆ. ಗೊಬ್ಬರದಂಗಡಿಲಿ ಸಿಗ್ಲಿಲ್ಲ, ಆನ್‌ಲೈನಲ್ಲಿ ತರಿಸ್ಕೊಂಡೆ, ಜೊತೆಗೆ ಬಂದ ಚೀಟಿ ಇಂಗ್ಲಿಷು ಹಿಂದಿಲಿತ್ತು, ಕನ್ನಡದಲ್ಲಿ ಒಂದು ಸಾಲೂ ಇಲ್ಲ, ಅಪ್ಪನಿಗೆ ಪ್ರತಿ ಸಲ ನಾನೇ ಓದಿ ಹೇಳ್ಬೇಕಾಯ್ತು. ಗಾಡಿ ಡಿಕ್ಕಿಲಿಟ್ರೆ ಬಿಸಿಗೆ ಬಣ್ಣ ಮಾಸುತ್ತೆ, ಮನೇಲಿ ಕವರೊಳಗಿಡಿ. ರಾಜಮುಡಿ ಥರ ಹಳೇ ದೇಸಿ ತಳಿಗೆ ಈ ಗಡಿ ಬಳಸ್ಬೇಡಿ, ಅವಕ್ಕೆ ಗೊಬ್ಬರ ಇನ್ನೂ ಕಮ್ಮಿ ಸಾಕು, ಜಾಸ್ತಿಯಾದ್ರೆ ಮಲ್ಕೊಂಡ್ಬಿಡ್ತವೆ.

ಇನ್ನು ಪೈಪು. ಪ್ಲಂಬಿಂಗ್ ಅಂಗಡಿಲಿ ಮಿಕ್ಕಿದ್ದ ಆರಿಂಚಿನ ಪಿವಿಸಿ ತುಂಡು, ಒಂದಡಿ ಉದ್ದ. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹೊಡೆದು ಗದ್ದೆಲಿ ಹೂತು ಒಳಗಿನ ಮಣ್ಣು ತೆಗೆದ್ರೆ ನೆಲದಡಿ ನೀರೆಷ್ಟಿದೆ ಅಂತ ಕಣ್ಣಿಗೆ ಕಾಣುತ್ತೆ. ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿಯೋವರೆಗೂ ನೀರು ಬೇಡ, ಆಮೇಲೆ 5 ಸೆಂಟಿಮೀಟರ್ ನಿಲ್ಲೋ ಹಾಗೆ ಬಿಡೋದು, ಹೂ ಬರೋ ಟೈಮಲ್ಲಿ ಮಾತ್ರ ಒಣಗಿಸ್ಬಾರ್ದು. ಮೇಲೆ ಬಿರುಕು ಬಿಟ್ಟಿರುತ್ತೆ, ಬಗ್ಗಿ ನೋಡಿದ್ರೆ ಪೈಪೊಳಗೆ ತಣ್ಣಗೆ ನೀರು ನಿಂತಿರುತ್ತೆ, ಅದನ್ನ ನೋಡಿದ ದಿನಾನೇ ಅಪ್ಪ ಮೋಟರ್ ಆಫ್ ಮಾಡೋಕೆ ಒಪ್ಪಿದ್ದು. ನೀರು ಸದಾ ನಿಂತ ಗದ್ದೆಯಿಂದ ಮೀಥೇನ್ ಏಳುತ್ತಲ್ಲ, ಹಿಂಗೆ ಒಣಗಿಸಿ ಕೊಟ್ರೆ ಅದೂ ಸುಮಾರು ಅರ್ಧ ಇಳಿಯುತ್ತೆ.

ಆದ್ರೆ ಇದು ಕೆಲ್ಸ ಮಾಡಿದ್ದು ಬೋರ್‌ವೆಲ್ ಇರೋ ಇಪ್ಪತ್ತು ಗುಂಟೇಲಿ ಮಾತ್ರ. ನಾಲೆ ನೀರು ಕಟ್ಟು ಪದ್ಧತಿ, ಅಂದ್ರೆ ಸರದಿ ಪ್ರಕಾರ ಬಿಡೋದು, ಪೈಪು ನೋಡ್ಕೊಂಡು ಬರಲ್ಲ. ನಮ್ಮ ಸರದಿ ಬಂದಾಗ ಬೇಡ ಅಂದ್ರೆ ಮುಂದಿನ ಕಟ್ಟಿನವರೆಗೂ ಬಾಯಿ ಬಾಯಿ ಬಿಡ್ಬೇಕು. 2023ರಲ್ಲಿ ಕೆಆರ್‌ಎಸ್ ತುಂಬದೆ ಹೋದಾಗ ಕೊನೆ ಭಾಗದೋರು ಪಟ್ಟ ಪಾಡು ಕಂಡಿರೋ ರೈತ ಬಂದ ನೀರನ್ನ ಬಿಡ್ತಾನಾ? ತೂಬಿನ ಮೇಲಿರೋರೆಲ್ಲ ಒಟ್ಟಿಗೆ ಪೈಪು ಹೂತು, ನೀರು ಬಿಡೋ ನೀರುಗಂಟಿ ಹತ್ರ ಮಾತಾಡ್ಕೊಂಡು ಸರದಿ ಹೊಂದಿಸಿದ್ರೆ ಮಾತ್ರ ನಾಲೆ ಗದ್ದೆಗೆ ಪ್ರಯೋಜನ.

ಪಟ್ಟಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಕಣ್ಮುಚ್ಕೊಂಡು ತಗೊಳ್ಳಿ. ಪೈಪಿಗೆ ಬೋರ್‌ವೆಲ್ ಗದ್ದೆಲಿ ನಾಲ್ಕು, ನಾಲೆಲಿ ಎರಡು. ಹೂಳೋವಾಗ ಬದುವಿಂದ ಕೈಗೆಟುಕೋ ಹಾಗೆ ಹೂಳಿ, ಮೇಲ್ಗಡೆ ತುದಿಗೆ ಕೆಂಪು ಬಣ್ಣ ಬಳೀರಿ, ಕಳೆ ಕೀಳೋಕೆ ಬಂದ ಹೆಂಗಸರು ನಂದನ್ನ ಎರಡು ಸಲ ಎಡವಿ ಕಿತ್ತಾಕಿದ್ರು.