ಜಲವರ್ಣದ ಚಿತ್ರಗಳಿಗೆ ಶಿರಸಿಯಲ್ಲೊಂದು ಫ್ರೇಮ್ ಅಂಗಡಿ

ಶಿರಸಿಯ ಮಾರಿಕಾಂಬಾ ದೇವಸ್ಥಾನದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ದೇವರ ಪಟಗಳಿಗೂ ಮದುವೆಯ ಫೋಟೋಗಳಿಗೂ ಕಟ್ಟು ಹಾಕಿಕೊಡುವ ಸಣ್ಣ ಅಂಗಡಿಯೊಂದಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆಂದು ನಾನು ಬರೆದ 12 ಜಲವರ್ಣ ಚಿತ್ರಗಳಿಗೆ ಕಳೆದ ವರ್ಷದ ದೀಪಾವಳಿಯ ನಂತರ ಅಲ್ಲಿಯೇ ಫ್ರೇಮ್ ಹಾಕಿಸಿದೆ.

ಘಟ್ಟದ ಮಳೆಗಾಲ ಕಾಗದವನ್ನು ಸುಮ್ಮನೆ ಬಿಡುವುದಿಲ್ಲ. ಗಾಜು ಚಿತ್ರಕ್ಕೆ ತಾಗಿಕೊಂಡಿದ್ದರೆ ಒಳಗೆ ನಿಂತ ತೇವದಿಂದ ಬಣ್ಣ ಗಾಜಿಗೆ ಹತ್ತುತ್ತದೆ. ಹಿಂಬದಿಗೆ ಅಗ್ಗದ ಹಲಗೆ ಕೊಟ್ಟರೆ ಅದರ ಆಮ್ಲ ಇಳಿದು ಕಾಗದ ಹಳದಿಗಟ್ಟುತ್ತದೆ. ಇಲ್ಲಿಯ ಯಜಮಾನರು ನಾನು ಕೇಳುವ ಮೊದಲೇ ಆಮ್ಲವಿಲ್ಲದ ಮೌಂಟ್ ಬೋರ್ಡ್, ಅಂದರೆ ಚಿತ್ರವನ್ನು ಗಾಜಿಗೆ ತಾಗದಂತೆ ಹಿಡಿದಿಡುವ ದಪ್ಪ ರಟ್ಟು, ತೆಗೆದಿಟ್ಟರು. ಸೆಲ್ಲೋಟೇಪ್ ಮುಟ್ಟಲಿಲ್ಲ. ಗೋಧಿಯ ಅಂಟು ಸವರಿದ ತೆಳು ಕಾಗದದ ಪಟ್ಟಿಗಳಿಂದ ಚಿತ್ರದ ಮೇಲಂಚನ್ನು ಮಾತ್ರ ಹಿಡಿಸಿದರು, ಏಕೆಂದರೆ ತೇವಕ್ಕೆ ಹಿಗ್ಗುವ ಕಾಗದವನ್ನು ನಾಲ್ಕೂ ಕಡೆ ಬಿಗಿದರೆ ಅದು ಸುಕ್ಕುಗಟ್ಟುತ್ತದೆ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡಲೆಂದು ಕೆಳಮೂಲೆಗಳಿಗೆ ರಬ್ಬರ್ ಗುಂಡಿಗಳನ್ನೂ ಕೂರಿಸಿದರು.

ಒಂದಕ್ಕೆ 1,450 ರೂಪಾಯಿಯಂತೆ ಒಟ್ಟು 17,400 ಆಯಿತು. ಚಿತ್ರ ಮಾರಾಟವಾಗುವುದೋ ಇಲ್ಲವೋ ತಿಳಿಯುವ ಮೊದಲೇ ಕಾಗದ, ಬಣ್ಣ, ಫ್ರೇಮು, ಸಾಗಣೆ ಎಲ್ಲಕ್ಕೂ ಕಲಾವಿದನೇ ಕೈಯಿಂದ ಹಾಕಬೇಕಾದ ಈ ಕಸುಬಿನಲ್ಲಿ, 6,000 ಮುಂಗಡ ಪಡೆದು ಉಳಿದದ್ದನ್ನು ಸಂತೆಯ ನಂತರ ಕೊಡಿ ಎಂದ ಮಾತು ನನ್ನ ನಿದ್ದೆಯನ್ನು ಮರಳಿ ಕೊಟ್ಟಿತು. ಅದಕ್ಕೂ ಹಿಂದೆ ನಗರವೊಂದರ ಗ್ಯಾಲರಿ ನನ್ನ ಐದು ಚಿತ್ರಗಳನ್ನು ಎಂಟು ತಿಂಗಳು ಇಟ್ಟುಕೊಂಡು, ಒಂದು ಕರೆಗೂ ಉತ್ತರಿಸದೆ, ಒಡೆದ ಗಾಜಿನೊಂದಿಗೆ ಹಿಂದಿರುಗಿಸಿತ್ತು. ಮಾರದಿದ್ದುದಕ್ಕಿಂತ ಆ ಮೌನವೇ ಹೆಚ್ಚು ನೋಯಿಸಿತು. ಅನಂತರ ಎಷ್ಟೋ ವಾರ ನಾನು ಕುಂಚ ಹಿಡಿಯಲಿಲ್ಲ.

ಈ ಅಂಗಡಿಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಹಿಂಬದಿಯ ಚೀಟಿ. ಚಿತ್ರದ ಹೆಸರು, ಬರೆದವರ ಹೆಸರು, ವರ್ಷ, ಅಳತೆ ಇವಿಷ್ಟನ್ನು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸುತ್ತಾರೆ. ಇದು ಸಣ್ಣ ಸಂಗತಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಿಂದ ಸೇರಿದ 53ಎ ಕಲಮಿನ ಪ್ರಕಾರ, ಮೂಲ ಚಿತ್ರವೊಂದು 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಅದರ ಹಕ್ಕಿಗೆ ಮೊದಲ ಒಡೆಯನಾಗಿದ್ದ ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಕೇಳುವ ಹಕ್ಕಿದೆ. ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಚಿತ್ರ ಯಾರದೆಂಬ ಗುರುತೇ ಅಳಿದುಹೋದರೆ ಆ ಹಕ್ಕನ್ನು ಕೇಳುವುದು ಹೇಗೆ? ನಮ್ಮಲ್ಲಿ ಬಹಳಷ್ಟು ಮಂದಿ ಸಹಿ ಹಾಕುವುದಕ್ಕೂ ಸಂಕೋಚಪಡುತ್ತಾರೆ.

ಕೊರತೆಗಳೂ ಇವೆ. ಬೆಳಕು ಪ್ರತಿಫಲಿಸದ ಗಾಜನ್ನು ಹುಬ್ಬಳ್ಳಿಯಿಂದ ತರಿಸಬೇಕು, ಅದಕ್ಕೆ ಹತ್ತು ದಿನ ಕಾಯಬೇಕು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ದಿನಗಳಲ್ಲಿ ದೇವಿಯ ಪಟಗಳ ಕೆಲಸವೇ ತುಂಬಿರುವುದರಿಂದ ಆಗ ಹೋಗದಿರುವುದು ಒಳ್ಳೆಯದು. ಮರ ಆರಿಸುವಾಗ ಸಾಗವಾನಿಯನ್ನೇ ಕೇಳಿ. ಅಗ್ಗದ ಮರಕ್ಕೆ ವರಲೆ ಬೇಗ ಹಿಡಿಯುತ್ತದೆ.

ಸಂತೆಯಲ್ಲಿ ನಾಲ್ಕು ಚಿತ್ರಗಳು ಹೋದವು, ಅಂಗಡಿಯ ಬಾಕಿ ತೀರಿತು. ಉಳಿದ ಎಂಟೂ ಈ ಮಳೆಗಾಲವಿಡೀ ನಮ್ಮ ಮನೆಯ ಪಶ್ಚಿಮದ ಗೋಡೆಯ ಮೇಲಿದ್ದವು. ಮೊನ್ನೆ ಒಂದೊಂದನ್ನೇ ಇಳಿಸಿ ನೋಡಿದೆ. ಒಂದಕ್ಕೂ ಬೂಷ್ಟು ಹಿಡಿದಿಲ್ಲ.